ಕಾರ್ಖಾನೆಗಳ ಸುತ್ತ ಎಷ್ಟು ಜನ ಇದ್ದಾರೆ: ನಕ್ಷೆಯ ಮೇಲೆ ಎಣಿಸುವುದು ಹೇಗೆ?

ಪ್ರಶ್ನೆ: ನಾನು ಪರಿಸರದ ವಿಷಯದಲ್ಲಿ ಕೆಲಸ ಮಾಡುವ ಒಂದು ಸಣ್ಣ ಗುಂಪಿನಲ್ಲಿದ್ದೇನೆ. ಒಂದು ಕೈಗಾರಿಕಾ ಪ್ರದೇಶದ ಸುತ್ತ ಎರಡು ಕಿಲೋಮೀಟರ್ ಒಳಗೆ ಎಷ್ಟು ಜನ ವಾಸವಾಗಿದ್ದಾರೆ, ಅವರಲ್ಲಿ ಚಿಕ್ಕ ಮಕ್ಕಳು ಎಷ್ಟು, ಅಲ್ಲಿನ ಗಾಳಿ ಬೇರೆ ಕಡೆಗಿಂತ ಕೆಟ್ಟಿದೆಯೇ ಎಂದು ತಿಳಿಯಬೇಕು. ಜನಗಣತಿಯ ಟೇಬಲ್, ಗಡಿಗಳ ಫೈಲ್, ಗಾಳಿಯ ಮಾಹಿತಿ ಎಲ್ಲವನ್ನೂ ಡೌನ್‌ಲೋಡ್ ಮಾಡಿ ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ಗೆ ಹಾಕಿದೆ. ಟೇಬಲನ್ನು ಗಡಿಗಳಿಗೆ ಜೋಡಿಸಿದರೆ ಅರ್ಧಕ್ಕರ್ಧ ಖಾಲಿ ಬರುತ್ತದೆ. ಬಫರ್ (ಒಂದು ಜಾಗದ ಸುತ್ತ ಇಂತಿಷ್ಟು ದೂರದವರೆಗಿನ ಪ್ರದೇಶ) ಹಾಕಿದರೆ ನಕ್ಷೆಯನ್ನೇ ಮುಚ್ಚುವಷ್ಟು ದೊಡ್ಡ ವೃತ್ತ ಬರುತ್ತದೆ. ಇವನ್ನೆಲ್ಲ ಸರಿಮಾಡಿಕೊಂಡರೂ ಕೊನೆಗೆ ಸಿಗುವ ಅಂಕಿಯನ್ನು ಎಷ್ಟು ನಂಬಬಹುದು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಖಾಲಿ ಟೇಬಲ್ಲು, ದೊಡ್ಡ ವೃತ್ತ ಎರಡೂ ಬೇಗ ಸರಿಹೋಗುವ ತೊಂದರೆಗಳು. ಅಂಕಿಯನ್ನು ನಂಬಬೇಕೋ ಬೇಡವೋ ಅನ್ನುವುದಕ್ಕೆ ಮಾತ್ರ ಯಾವ ಬಟನ್ನೂ ಇಲ್ಲ.

ಕಾರಣ ಇಷ್ಟೇ. ಒಂದು ಗಡಿಯೊಳಗೆ ಎಷ್ಟು ಜನ ಇದ್ದಾರೆ ಎಂದು ಜನಗಣತಿ ಹೇಳುತ್ತದೆ. ಆ ಗಡಿಯೊಳಗೆ ಯಾವ ಮೂಲೆಯಲ್ಲಿದ್ದಾರೆ ಎಂದು ಹೇಳುವುದಿಲ್ಲ. ನಿಮ್ಮ ಎರಡು ಕಿಲೋಮೀಟರ್ ವೃತ್ತ ಆ ಗಡಿಯನ್ನು ಅರ್ಧಕ್ಕೆ ಕತ್ತರಿಸಿದ ಕೂಡಲೇ, ಯಾರು ಒಳಗೆ, ಯಾರು ಹೊರಗೆ ಎಂದು ಯಾರಾದರೂ ತೀರ್ಮಾನ ಮಾಡಲೇಬೇಕು. ನೀವು ಮಾಡದಿದ್ದರೆ ಸಾಫ್ಟ್‌ವೇರ್ ನಿಮಗೆ ಹೇಳದೆಯೇ ಮಾಡಿಬಿಡುತ್ತದೆ. ಈ ಉತ್ತರದ ಬಹುಪಾಲು ಆ ತೀರ್ಮಾನದ ಬಗ್ಗೆಯೇ ಇದೆ.

ಮೊದಲು ಖಾಲಿ ಟೇಬಲ್ಲು. ಹೆಚ್ಚಿನ ಸಲ ಇದು ಕೋಡ್‌ನ ಮುಂದಿರುವ ಸೊನ್ನೆಯ ತೊಂದರೆ. ಗಡಿ ಫೈಲಿನಲ್ಲಿ ಕೋಡ್ 004512 ಎಂದಿರುತ್ತದೆ. ಟೇಬಲ್‌ನ ಸಿಎಸ್‌ವಿ ಫೈಲನ್ನು ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಅದೇ ಕೋಡ್ 4512 ಆಗಿಬಿಡುತ್ತದೆ. ಒಂದು ಅಕ್ಷರಗಳ ಸಾಲು, ಇನ್ನೊಂದು ಸಂಖ್ಯೆ. ಎರಡೂ ಒಂದೇ ಎಂದು ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಅರ್ಧ ಮಾತ್ರ ಖಾಲಿ ಬಂದಿದೆ ಎಂದಿರಲ್ಲ, ಸೊನ್ನೆಯಿಂದ ಶುರುವಾಗುವ ಕೋಡ್‌ಗಳಷ್ಟೇ ತಪ್ಪಿವೆಯೇ ನೋಡಿ. ಹಾಗಿದ್ದರೆ ಮೂಲ ಸಿಎಸ್‌ವಿಯನ್ನು ಎಕ್ಸೆಲ್‌ಗೆ ತೋರಿಸದೆ ನೇರವಾಗಿ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್ (ನಕ್ಷೆಯ ಒಂದು ಪದರ) ಆಗಿ ಸೇರಿಸಿ. ಅಲ್ಲಿ ಡಿಟೆಕ್ಟ್ ಫೀಲ್ಡ್ ಟೈಪ್ಸ್ ಎಂಬ ಗುರುತನ್ನು ತೆಗೆಯಿರಿ. ಆಗ ಎಲ್ಲ ಕಾಲಮ್‌ಗಳೂ ಟೆಕ್ಸ್ಟ್ ಆಗಿಯೇ ಬರುತ್ತವೆ, ಸೊನ್ನೆ ಉಳಿಯುತ್ತದೆ. ಲೆಕ್ಕಕ್ಕೆ ಬೇಕಾದ ಕಾಲಮ್‌ಗಳನ್ನು ಆಮೇಲೆ ಸಂಖ್ಯೆಗೆ ತಿರುಗಿಸಿಕೊಳ್ಳಿ. ಮೂಲ ಫೈಲೇ ಸೊನ್ನೆ ಕಳೆದುಕೊಂಡಿದ್ದರೆ ಫೀಲ್ಡ್ ಕ್ಯಾಲ್ಕುಲೇಟರ್‌ನ ಎಲ್‌ಪ್ಯಾಡ್ ಫಂಕ್ಷನ್ ಅದನ್ನು ಮತ್ತೆ ಮುಂದೆ ಸೇರಿಸಿಕೊಡುತ್ತದೆ.

ಇದಕ್ಕಿಂತ ಅಪಾಯದ ತಪ್ಪು ಖಾಲಿಯಾಗಿ ಕಾಣುವುದೇ ಇಲ್ಲ. ಅನೇಕ ಗಣತಿ ಟೇಬಲ್‌ಗಳಲ್ಲಿ ಒಂದೇ ಕೋಡ್‌ಗೆ ಮೂರು ಸಾಲು ಇರುತ್ತವೆ: ಒಟ್ಟು, ಗ್ರಾಮೀಣ, ನಗರ. ಲೇಯರ್ ಪ್ರಾಪರ್ಟೀಸ್‌ನ ಜಾಯಿನ್ ಒಂದು ಗಡಿಗೆ ಒಂದೇ ಸಾಲನ್ನು ಜೋಡಿಸುತ್ತದೆ. ಸಿಕ್ಕಿದ್ದು ನಿಮಗೆ ಬೇಕಾದ ಸಾಲೇ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಜೋಡಿಸುವ ಮೊದಲೇ ಬೇಡದ ಸಾಲುಗಳನ್ನು ಫಿಲ್ಟರ್ ಮಾಡಿ. ಜೋಡಿಸಿದ ಮೇಲೆ ಜನಸಂಖ್ಯೆಯ ಕಾಲಮನ್ನು ಕೂಡಿಸಿ, ಪ್ರಕಟವಾದ ಒಟ್ಟು ಸಂಖ್ಯೆಗೆ ಹೋಲಿಸಿ ನೋಡಿ. ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸಂಖ್ಯೆ ಹೊಂದದಿದ್ದರೆ ಗಡಿ ಫೈಲು ಯಾವ ವರ್ಷದ್ದು ಎಂದೂ ನೋಡಿ. ಎರಡು ಗಣತಿಗಳ ನಡುವೆ ಗಣತಿ ಘಟಕಗಳು, ಅಂದರೆ ಜನರನ್ನು ಎಣಿಸಿದ ಒಂದೊಂದು ಗಡಿಯೊಳಗಿನ ಜಾಗಗಳು, ಒಡೆಯುತ್ತವೆ, ಸೇರುತ್ತವೆ, ಹೆಸರು ಬದಲಾಗುತ್ತದೆ. ಹೆಸರಿನ ಮೇಲೆ ಜೋಡಿಸುವುದಂತೂ ಬೇಡವೇ ಬೇಡ.

ಇನ್ನು ದೊಡ್ಡ ವೃತ್ತ. ನಿಮ್ಮ ಲೇಯರ್ ಇಪಿಎಸ್‌ಜಿ 4326ರಲ್ಲಿದೆ, ಅಂದರೆ ಅಕ್ಷಾಂಶ-ರೇಖಾಂಶದ ಡಿಗ್ರಿಗಳಲ್ಲಿ. ಬಫರ್‌ಗೆ 2 ಎಂದು ಕೊಟ್ಟರೆ ಅದು ಎರಡು ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್. ವೃತ್ತ ನಕ್ಷೆ ತುಂಬ ಹರಡಿಕೊಂಡಿದ್ದು ಇದಕ್ಕೇ. ಲೇಯರನ್ನು ಮೀಟರ್ ಅಳತೆಯ ಪ್ರೊಜೆಕ್ಷನ್‌ಗೆ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ತರುವ ವಿಧಾನಕ್ಕೆ) ಬದಲಿಸಬೇಕು. ಇಷ್ಟು ಸಣ್ಣ ಜಾಗಕ್ಕೆ ಯುಟಿಎಂ ಸಾಕು. ಭೂಮಿಯನ್ನು ಆರಾರು ಡಿಗ್ರಿ ಅಗಲದ 60 ವಲಯಗಳಾಗಿ ಹಂಚಿದ ಪದ್ಧತಿ ಅದು. ನಿಮ್ಮ ಜಾಗ ಯಾವ ವಲಯದಲ್ಲಿದೆಯೋ ಅದನ್ನು ಆರಿಸಿ, ಬಫರ್‌ಗೆ 2000 ಮೀಟರ್ ಕೊಡಿ.

ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಸೆಟ್ ಲೇಯರ್ ಸಿಆರ್‌ಎಸ್ ಬೇರೆ, ರೀಪ್ರೊಜೆಕ್ಟ್ ಲೇಯರ್ ಬೇರೆ. ಮೊದಲನೆಯದು ಲೇಯರ್ ಮೇಲಿನ ಚೀಟಿಯನ್ನಷ್ಟೇ ಬದಲಿಸುತ್ತದೆ, ಒಳಗಿನ ಅಂಕಿಗಳು ಹಾಗೇ ಇರುತ್ತವೆ. ಎರಡನೆಯದು ಅಂಕಿಗಳನ್ನೇ ಹೊಸ ಅಳತೆಗೆ ಲೆಕ್ಕ ಹಾಕಿ ಹೊಸ ಲೇಯರ್ ಮಾಡುತ್ತದೆ. ನಿಮಗೆ ಬೇಕಾದದ್ದು ಎರಡನೆಯದು. ಆನ್‌ಲೈನ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಕೂಡ ಮೀಟರ್ ಎಂದೇ ಹೇಳುತ್ತದೆ, ಆದರೆ ಅದರಲ್ಲಿ ಅಳತೆ ಮಾಡಬೇಡಿ. 60 ಡಿಗ್ರಿ ಅಕ್ಷಾಂಶದಲ್ಲಿ ಅದು ದೂರವನ್ನು ಎರಡು ಪಟ್ಟು, ವಿಸ್ತೀರ್ಣವನ್ನು ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ವೃತ್ತವನ್ನು ಎಲ್ಲಿಂದ ಎಳೆಯುತ್ತೀರಿ ಅನ್ನುವುದೂ ಮುಖ್ಯ. ಕೈಗಾರಿಕಾ ಪ್ರದೇಶದ ನಡುವೆ ಒಂದು ಚುಕ್ಕಿ ಇಟ್ಟು ಎಳೆದರೆ ಬೇಲಿಯಾಚೆಯ ಮನೆಗಳು ದೂರವಾಗಿ ಕಾಣುತ್ತವೆ. ಪ್ರದೇಶದ ಗಡಿಯನ್ನು ಪಾಲಿಗನ್ (ಮುಚ್ಚಿದ ಆಕೃತಿ) ಆಗಿ ಬರೆದು, ಅದರ ಅಂಚಿನಿಂದ ಬಫರ್ ಹಾಕಿ.

ಈಗ ಮುಖ್ಯ ವಿಷಯ. ಒಂದು ಗಣತಿ ಘಟಕ ಇದೆ ಎಂದುಕೊಳ್ಳಿ. ವಿಸ್ತೀರ್ಣ 12 ಚದರ ಕಿಲೋಮೀಟರ್, ಜನ 6,000. ನಿಮ್ಮ ಬಫರ್ ಅದರ 3 ಚದರ ಕಿಲೋಮೀಟರನ್ನು ಮುಚ್ಚಿದೆ. ಒಳಗೆ ಎಷ್ಟು ಜನ?

ಸೆಲೆಕ್ಟ್ ಬೈ ಲೊಕೇಶನ್‌ನಲ್ಲಿ ಇಂಟರ್‌ಸೆಕ್ಟ್ ಒತ್ತಿದರೆ ಇಡೀ ಘಟಕ ಆಯ್ಕೆಯಾಗುತ್ತದೆ. ಉತ್ತರ 6,000. ಘಟಕದ ನಡುಬಿಂದು ಬಫರ್ ಒಳಗಿದೆಯೇ ಎಂದು ನೋಡಿದರೆ ಉತ್ತರ ಒಂದೋ 6,000, ಇಲ್ಲವೋ ಸೊನ್ನೆ. ವಿಸ್ತೀರ್ಣದ ಪಾಲಿನಂತೆ ಹಂಚಿದರೆ, ಕಾಲು ಭಾಗ ಮುಚ್ಚಿದೆ, ಹಾಗಾಗಿ 1,500. ಮೂರು ದಾರಿ, ಮೂರು ಉತ್ತರ. ಎಲ್ಲವೂ ಒಂದೇ ಡೇಟಾದಿಂದ, ಒಂದೇ ಸಾಫ್ಟ್‌ವೇರಿನಿಂದ ಬಂದವು. ಪರದೆಯ ಮೇಲೆ ಮೂರೂ ಅಷ್ಟೇ ಖಚಿತವಾಗಿ ಕಾಣುತ್ತವೆ.

ನಡುಬಿಂದುವಿನ ದಾರಿ ಕೆಟ್ಟದ್ದೇನಲ್ಲ. ಘಟಕಗಳು ಬಫರ್‌ಗಿಂತ ತುಂಬ ಚಿಕ್ಕವಾಗಿದ್ದರೆ ಅಂಚಿನ ತಪ್ಪುಗಳು ಹೆಚ್ಚುಕಡಿಮೆ ಸರಿದೂಗುತ್ತವೆ. ಘಟಕಗಳು ಬಫರ್‌ನಷ್ಟೇ ದೊಡ್ಡವಾದರೆ ಅದು ಕೈಕೊಡುತ್ತದೆ. ವಿಸ್ತೀರ್ಣದ ಪಾಲು ಅದಕ್ಕಿಂತ ವಾಸಿ. ಕ್ಯೂಜಿಐಎಸ್‌ನ ಓವರ್‌ಲ್ಯಾಪ್ ಅನಾಲಿಸಿಸ್ ಪ್ರತಿ ಘಟಕದ ಶೇಕಡಾ ಎಷ್ಟು ಮುಚ್ಚಿದೆ ಎಂದು ತಾನೇ ಕಾಲಮ್‌ನಲ್ಲಿ ಬರೆದುಕೊಡುತ್ತದೆ. ಅದನ್ನು 100ರಿಂದ ಭಾಗಿಸಿ, ಜನಸಂಖ್ಯೆಗೆ ಗುಣಿಸಿ ಕೂಡಿಸಿದರೆ ಆಯಿತು. ಆದರೆ ಇದರ ಹಿಂದೆ ಒಂದು ಊಹೆ ಅಡಗಿದೆ: ಜನ ಘಟಕದ ತುಂಬ ಒಂದೇ ಸಮನೆ ಹರಡಿಕೊಂಡಿದ್ದಾರೆ ಅನ್ನುವುದು. ಹೊಲದಲ್ಲೂ, ಕೆರೆಯಲ್ಲೂ, ಗುಡ್ಡದ ಮೇಲೂ ಅಷ್ಟಷ್ಟೇ ಜನ! ಹಾಗೆ ಎಲ್ಲಿಯೂ ಇರುವುದಿಲ್ಲ ಅಲ್ವಾ?

ಹಾಗಾಗಿ ನಾಲ್ಕನೆಯ ದಾರಿಗೆ ಹೋಗಿ. ಘಟಕದೊಳಗೆ ಮನೆಗಳಿರುವ ಜಾಗವನ್ನು ಮೊದಲು ಗುರುತಿಸಿ, ಜನರನ್ನು ಅಲ್ಲಿಗಷ್ಟೇ ಹಂಚಬೇಕು. ಇದಕ್ಕೆ ಡ್ಯಾಸಿಮೆಟ್ರಿಕ್ ವಿಧಾನ ಎನ್ನುತ್ತಾರೆ. ಹೊಸದೇನಲ್ಲ. 1936ರಲ್ಲೇ ಜಾನ್ ಕೆ. ರೈಟ್ ಎಂಬ ಭೂಗೋಳ ತಜ್ಞರು ಅಮೆರಿಕದ ಕೇಪ್ ಕಾಡ್‌ಗೆ ಹೀಗೆ ಜನಸಾಂದ್ರತೆಯ ನಕ್ಷೆ ಮಾಡಿದ್ದರು, ಕಂಪ್ಯೂಟರ್ ಇಲ್ಲದೆ. ನಮ್ಮ ಉದಾಹರಣೆಯಲ್ಲಿ ಘಟಕದೊಳಗಿನ ಮನೆಗಳ ಜಾಗ ಒಟ್ಟು 2 ಚದರ ಕಿಲೋಮೀಟರ್ ಎಂದುಕೊಳ್ಳಿ. ಅದರಲ್ಲಿ 0.2 ಮಾತ್ರ ಬಫರ್ ಒಳಗಿದ್ದರೆ ಅಲ್ಲಿರುವವರು 600. ಅದೇ 1.6 ಒಳಗಿದ್ದರೆ 4,800. ವಿಸ್ತೀರ್ಣದ ಪಾಲು ಹೇಳಿದ 1,500 ಮೊದಲ ಸಂದರ್ಭದಲ್ಲಿ ತುಂಬ ಜಾಸ್ತಿ, ಎರಡನೆಯದರಲ್ಲಿ ತುಂಬ ಕಡಿಮೆ.

ಮನೆಗಳ ಜಾಗ ತಿಳಿಯಲು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಕಟ್ಟಡಗಳು ಇವೆ. ಯುರೋಪಿಯನ್ ಕಮಿಷನ್‌ನ ಜಂಟಿ ಸಂಶೋಧನಾ ಕೇಂದ್ರದ ಜಿಎಚ್‌ಎಸ್‌ಎಲ್ ಎಂಬ, ಕಟ್ಟಡಗಳಿರುವ ಜಾಗ ತೋರಿಸುವ ರಾಸ್ಟರ್‌ಗಳು (ಚೌಕಚೌಕವಾಗಿ ಅಂಕಿ ತುಂಬಿದ ನಕ್ಷೆಗಳು) ಉಚಿತವಾಗಿ ಸಿಗುತ್ತವೆ. ಆದರೆ ಜಾಗ್ರತೆ. ನಿಮ್ಮ ಕೆಲಸ ಕಾರ್ಖಾನೆಗಳ ಸುತ್ತಲೇ ಇದೆ. ಉಪಗ್ರಹಕ್ಕೆ ಕಾರ್ಖಾನೆಯ ದೊಡ್ಡ ಶೆಡ್ಡೂ ಕಟ್ಟಡವೇ. ಅದನ್ನು ಹಾಗೇ ಬಿಟ್ಟರೆ ಲೆಕ್ಕವು ಸಾವಿರಾರು ಜನರನ್ನು ಶೆಡ್ಡಿನೊಳಗೆ ವಾಸಕ್ಕೆ ಕೂರಿಸುತ್ತದೆ, ಅದೂ ಸರಿಯಾಗಿ ಬಫರ್‌ನ ನಡುವೆಯೇ. ಕೈಗಾರಿಕಾ ಪ್ರದೇಶದ ಪಾಲಿಗನ್‌ನಿಂದ ಆ ಕಟ್ಟಡಗಳನ್ನು ಕತ್ತರಿಸಿ ತೆಗೆಯಿರಿ. ಜಿಎಚ್‌ಎಸ್‌ಎಲ್ ವಾಸಕ್ಕಲ್ಲದ ಕಟ್ಟಡಗಳನ್ನು ಬೇರೆ ಲೇಯರ್ ಆಗಿಯೂ ಕೊಡುತ್ತದೆ, ಅದನ್ನೂ ಬಳಸಿಕೊಳ್ಳಬಹುದು.

ಇಷ್ಟೆಲ್ಲ ಯಾಕೆ, ವರ್ಲ್ಡ್‌ಪಾಪ್‌ನಂಥ ಸಿದ್ಧ ಜನಸಂಖ್ಯೆ ರಾಸ್ಟರ್ ಇದೆಯಲ್ಲ, 100 ಮೀಟರ್ ಚೌಕಕ್ಕೆ ಇಷ್ಟು ಜನ ಎಂದು ಹೇಳುತ್ತದಲ್ಲ ಎಂದು ನೀವು ಕೇಳಬಹುದು. ಬಳಸಿ. ಝೋನಲ್ ಸ್ಟ್ಯಾಟಿಸ್ಟಿಕ್ಸ್ ಎಂಬ ಟೂಲ್‌ನಲ್ಲಿ ಬಫರ್ ಕೊಟ್ಟು ಸಮ್ (ಮೊತ್ತ) ಕೇಳಿದರೆ ಅಂಕಿ ಬರುತ್ತದೆ. ಆದರೆ ಆ ಚೌಕಗಳಲ್ಲಿ ಯಾರೂ ಹೋಗಿ ಜನರನ್ನು ಎಣಿಸಿಲ್ಲ. ಅದೇ ಜನಗಣತಿಯ ಸಂಖ್ಯೆಯನ್ನು ಭೂಬಳಕೆ, ರಾತ್ರಿಯ ಬೆಳಕು ಮುಂತಾದ ಸುಳಿವುಗಳ ಮೇಲೆ ಮಾದರಿಯೊಂದು ಹಂಚಿರುತ್ತದೆ. ಅಂದರೆ ಇದೂ ಒಂದು ಡ್ಯಾಸಿಮೆಟ್ರಿಕ್ ಹಂಚಿಕೆಯೇ, ಬೇರೆಯವರು ಮಾಡಿದ್ದು. ಇದರಿಂದ ಒಂದು ಬಲೆ ಹುಟ್ಟುತ್ತದೆ. ಈ ರಾಸ್ಟರ್ ತೆಗೆದುಕೊಂಡು ಹಸಿರು ಕಡಿಮೆ ಇರುವಲ್ಲಿ ಜನ ಜಾಸ್ತಿ ಎಂದು ಸಾಬೀತು ಮಾಡಿದರೆ, ಮಾದರಿಯ ಒಳಗೆ ಮೊದಲೇ ಹಾಕಿದ್ದನ್ನೇ ಹೊರಗೆ ತೆಗೆದಂತಾಯಿತು. ಎಣಿಕೆಗೆ ಇದು ಆದೀತು, ಪರಿಸರದ ಜೊತೆ ಸಂಬಂಧ ಹುಡುಕಲು ಬೇಡ.

ಮಕ್ಕಳ ಸಂಖ್ಯೆಯನ್ನೂ ಇದೇ ಪಾಲಿನಿಂದ ಲೆಕ್ಕ ಹಾಕಬಹುದು. ಘಟಕದ ಎಲ್ಲ ಕಡೆ ಮಕ್ಕಳ ಪ್ರಮಾಣ ಒಂದೇ ಎಂಬ ಊಹೆ ಅದರ ಜೊತೆ ಬರುತ್ತದೆ. ಕಾರ್ಖಾನೆಗೆ ಅಂಟಿಕೊಂಡ ಬಡ ಬಡಾವಣೆಯಲ್ಲಿ ಮಕ್ಕಳು ಜಾಸ್ತಿ ಇದ್ದರೆ ಈ ಲೆಕ್ಕ ಅವರನ್ನು ಕಡಿಮೆ ತೋರಿಸುತ್ತದೆ. ಇನ್ನೊಂದು ವಿಷಯ, ಗಣತಿ ಜನರನ್ನು ಎಣಿಸುವುದು ಅವರು ವಾಸ ಮಾಡುವ ಜಾಗದಲ್ಲಿ. ಹಗಲು ಹೊತ್ತು ಮಕ್ಕಳು ಶಾಲೆಯಲ್ಲಿರುತ್ತಾರೆ, ದೊಡ್ಡವರು ಕೆಲಸದಲ್ಲಿರುತ್ತಾರೆ. ಶಾಲೆಗಳನ್ನು ಬೇರೆ ಪಾಯಿಂಟ್ ಲೇಯರ್ ಆಗಿ ಹಾಕಿ, ಬಫರ್ ಒಳಗೆ ಎಷ್ಟು ಬಂದವು ನೋಡಿ. ನಿಮ್ಮ ಕೆಲಸಕ್ಕೆ ಇದು ಜನಸಂಖ್ಯೆಯಷ್ಟೇ ಬೆಲೆಯುಳ್ಳದ್ದು ಎಂದು ನನ್ನ ಅನಿಸಿಕೆ.

ಹಂಚಿಕೆಯ ದಾರಿ ಬದಲಾದರೆ ತೀರ್ಮಾನವೇ ತಿರುಗಿಬಿಡಬಹುದೇ? ಬಿಡಬಹುದು. ಅಮೆರಿಕದಲ್ಲಿ ಹಾಗೇ ಆಗಿದೆ. 1987ರಲ್ಲಿ ಅಲ್ಲಿನ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಆಯೋಗವೊಂದು ವಿಷಕಾರಿ ತ್ಯಾಜ್ಯದ ಘಟಕಗಳು ಎಲ್ಲಿವೆ ಎಂದು ಪಿನ್‌ಕೋಡ್‌ನಂಥ ಅಂಚೆ ವಲಯಗಳ ಮೇಲೆ ನೋಡಿತು. ಬಿಳಿಯರಲ್ಲದವರು ಜಾಸ್ತಿ ಇರುವ ಕಡೆಯೇ ಅವು ಇವೆ ಎಂದು ಕಂಡುಬಂತು. 1994ರಲ್ಲಿ ಆಂಡರ್ಟನ್ ಮತ್ತು ಜೊತೆಗಾರರು ಅಂಚೆ ವಲಯದ ಬದಲು ಸೆನ್ಸಸ್ ಟ್ರ್ಯಾಕ್ಟ್ ಎಂಬ ಗಣತಿ ಘಟಕಗಳನ್ನು ತೆಗೆದುಕೊಂಡರು. ಜನಾಂಗದ ಜೊತೆ ಅಂಥ ಗಟ್ಟಿ ಸಂಬಂಧ ಅವರಿಗೆ ಕಾಣಲಿಲ್ಲ. 2006ರಲ್ಲಿ ಪಾಲ್ ಮೊಹಾಯ್ ಮತ್ತು ರಾಬಿನ್ ಸಾಹಾ ಬೇರೆ ಪ್ರಶ್ನೆ ಕೇಳಿದರು. ತ್ಯಾಜ್ಯದ ಘಟಕ ಯಾವ ಟ್ರ್ಯಾಕ್ಟ್‌ನೊಳಗೆ ಇದೆ ಎಂದು ನೋಡುವ ಬದಲು, ಅದರಿಂದ ಇಷ್ಟು ದೂರದೊಳಗೆ ಯಾರು ಇದ್ದಾರೆ ಎಂದು ನೋಡಿದರು. ಆಗ ಅಸಮಾನತೆ ಮೊದಲಿನದಕ್ಕಿಂತ ದೊಡ್ಡದಾಗಿ ಕಂಡಿತು. ಇಂಥ ತ್ಯಾಜ್ಯದ ಘಟಕಗಳು ಎಷ್ಟೋ ಸಲ ಗಡಿಯ ಪಕ್ಕದಲ್ಲೇ ಇರುತ್ತವೆ. ಗಡಿಯಾಚೆಯ ಮನೆ ಬೇಲಿಗೆ ತಾಗಿಕೊಂಡಿದ್ದರೂ ಹಳೆಯ ವಿಧಾನ ಅದನ್ನು ದೂರದ ಮನೆಗಳ ಜೊತೆ ಸೇರಿಸಿಬಿಡುತ್ತಿತ್ತು. ನೀವು ದೂರದ ಲೆಕ್ಕದಿಂದಲೇ ಶುರುಮಾಡಿದ್ದೀರಿ. ಅದು ಸರಿಯಾದ ದಾರಿ.

ಗಾಳಿಯ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಅಳತೆ ಕೇಂದ್ರಗಳ ಪಾಯಿಂಟ್‌ಗಳು ನಾಲ್ಕೈದು ಇದ್ದರೆ ಐಡಿಡಬ್ಲ್ಯೂ ಇಂಟರ್‌ಪೊಲೇಶನ್ (ಹತ್ತಿರದ ಕೇಂದ್ರಗಳಿಗೆ ಹೆಚ್ಚು ತೂಕ ಕೊಟ್ಟು ನಡುವಿನ ಜಾಗದ ಅಂಕಿ ಊಹಿಸುವ ವಿಧಾನ) ಒತ್ತಲು ಕೈ ತುಡಿಯುತ್ತದೆ. ಬಣ್ಣಬಣ್ಣದ ಚೆಂದದ ಮೇಲ್ಮೈ ಬರುತ್ತದೆ. ಪ್ರತಿ ಕೇಂದ್ರದ ಸುತ್ತ ಉಂಗುರಗಳು ಕಾಣುತ್ತವೆ. ಆ ಉಂಗುರಗಳು ಗಾಳಿಯಲ್ಲಿ ಇರುವಂಥವಲ್ಲ, ಸೂತ್ರದಿಂದ ಹುಟ್ಟಿದವು. ಅಳೆದ ಅಂಕಿಗಳಲ್ಲಿ ದೊಡ್ಡದಕ್ಕಿಂತ ಜಾಸ್ತಿಯನ್ನು ಐಡಿಡಬ್ಲ್ಯೂ ಯಾವತ್ತೂ ತೋರಿಸುವುದಿಲ್ಲ. ಕಾರ್ಖಾನೆಯ ಪಕ್ಕ ಕೇಂದ್ರವೇ ಇಲ್ಲದಿದ್ದರೆ ಅಲ್ಲಿನ ಹೊಗೆ ನಕ್ಷೆಗೆ ಬರುವುದೇ ಇಲ್ಲ. ಕೇಂದ್ರಗಳು ಕಡಿಮೆ ಇದ್ದಾಗ ಅವನ್ನು ಚುಕ್ಕಿಗಳಾಗಿಯೇ ಬಿಡಿ, ಪಕ್ಕದಲ್ಲಿ ಅಂಕಿ ಬರೆಯಿರಿ.

ಉಪಗ್ರಹದ ನೆರವಿನಿಂದ ಲೆಕ್ಕ ಹಾಕಿದ ವಾರ್ಷಿಕ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಕಣಗಳು) ರಾಸ್ಟರ್‌ಗಳು ಸಿಗುತ್ತವೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗುಂಪು ಕೊಡುವ ರಾಸ್ಟರ್ 0.01 ಡಿಗ್ರಿಯದು, ಒಂದು ಚೌಕ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಒಂದು ಬಿಂದುವಿನ ಸುತ್ತ ಎರಡು ಕಿಲೋಮೀಟರ್ ವೃತ್ತದಲ್ಲಿ ಇಂಥ ಚೌಕಗಳು ಹತ್ತು ಹನ್ನೆರಡು ಬಂದರೆ ಹೆಚ್ಚು. ಇಡೀ ಪಟ್ಟಣದ ಗಾಳಿ ಎಷ್ಟು ಕೆಟ್ಟಿದೆ ಎಂದು ಅದು ಹೇಳಬಲ್ಲದು. ಬೇಲಿಯ ಈಚೆಗೂ ಮುಂದಿನ ಬೀದಿಗೂ ವ್ಯತ್ಯಾಸ ಹೇಳಲಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಸರಾಸರಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ ಮೀರಬಾರದು ಎಂದಿತು. ಅಲ್ಲಿಗೆ ಇಳಿಯುವ ಮೆಟ್ಟಿಲುಗಳಾಗಿ 35, 25, 15, 10 ಎಂದು ನಾಲ್ಕು ಗುರಿಗಳನ್ನೂ ಕೊಟ್ಟಿದೆ. ಬಣ್ಣದ ವರ್ಗಗಳನ್ನು ಈ ಅಂಕಿಗಳ ಮೇಲೆಯೇ ಒಡೆಯಿರಿ. ಸಾಫ್ಟ್‌ವೇರ್ ತಾನಾಗಿ ಆರಿಸುವ ವರ್ಗಗಳಲ್ಲಿ ಎಲ್ಲ ಕಡೆ ಕೆಟ್ಟಿರುವ ಗಾಳಿಯಲ್ಲೂ ಒಂದಿಷ್ಟು ಜಾಗ ಸುಮ್ನೆ ಹಸಿರಾಗಿ ಕಾಣುತ್ತದೆ.

ಹೋಲಿಕೆಗೆ ಜಾಗದ ಸರಾಸರಿ ಬೇಡ, ಜನರ ಸರಾಸರಿ ತೆಗೆಯಿರಿ. ಪ್ರತಿ ಘಟಕದ ಪಿಎಂ 2.5 ಅಂಕಿಯನ್ನು ಅಲ್ಲಿನ ಜನಸಂಖ್ಯೆಗೆ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಜನಸಂಖ್ಯೆಯಿಂದ ಭಾಗಿಸಿ. ಬಫರ್ ಒಳಗಿನವರಿಗೆ ಒಮ್ಮೆ, ಹೊರಗಿನವರಿಗೆ ಒಮ್ಮೆ. ಝೋನಲ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಜನಸಂಖ್ಯೆಗೆ ಸಮ್, ಗಾಳಿಗೆ ಮೀನ್ (ಸರಾಸರಿ). ಅದಲುಬದಲಾದರೆ ಅಂಕಿಗೆ ಅರ್ಥವೇ ಇರುವುದಿಲ್ಲ. ರಾಸ್ಟರ್‌ನಲ್ಲಿ ಡೇಟಾ ಇಲ್ಲದ ಜಾಗಕ್ಕೆ -9999ರಂಥ ಅಂಕಿ ತುಂಬಿದ್ದರೆ ಅದನ್ನು ನೋ ಡೇಟಾ ಎಂದು ಗುರುತಿಸಿದ್ದೀರಾ ಎಂದೂ ನೋಡಿಕೊಳ್ಳಿ.

ಹೊಗೆ ವೃತ್ತಾಕಾರವಾಗಿ ಹರಡುವುದಿಲ್ಲ, ಗಾಳಿ ಬೀಸಿದ ಕಡೆ ಹೋಗುತ್ತದೆ. ಹತ್ತಿರದ ಹವಾಮಾನ ಕೇಂದ್ರದ ಮಾಹಿತಿಯಿಂದ ಗಾಳಿ ಯಾವ ದಿಕ್ಕಿನಿಂದ ಜಾಸ್ತಿ ಬೀಸುತ್ತದೆ ನೋಡಿ. ಕ್ರಿಯೇಟ್ ವೆಜ್ ಬಫರ್ಸ್ ಎಂಬ ಟೂಲ್ ಒಂದು ದಿಕ್ಕಿಗೆ ಬೀಸಣಿಗೆಯಂಥ ಬಫರ್ ಮಾಡಿಕೊಡುತ್ತದೆ. ಹವಾಮಾನದ ದಾಖಲೆಯಲ್ಲಿ ಬರೆಯುವುದು ಗಾಳಿ ಬರುವ ದಿಕ್ಕು, ನಿಮಗೆ ಬೇಕಾದದ್ದು ಹೋಗುವ ದಿಕ್ಕು. ಹಾಗಾಗಿ 180 ಡಿಗ್ರಿ ಸೇರಿಸಿ, 360 ದಾಟಿದರೆ 360 ಕಳೆಯಿರಿ. ಮರೆತರೆ ಹೊಗೆ ಮುಟ್ಟದ ಊರನ್ನೇ ಎಣಿಸುತ್ತೀರಿ. ವೃತ್ತವನ್ನೂ ಇಟ್ಟುಕೊಳ್ಳಿ, ಬೀಸಣಿಗೆಯನ್ನೂ ಹಾಕಿ, ಎರಡನ್ನೂ ತೋರಿಸಿ.

ಇನ್ನೊಂದು ಎಚ್ಚರಿಕೆ. ಬಫರ್ ಒಳಗಿನ ಘಟಕಗಳಲ್ಲಿ ಬಡತನವೂ ಜಾಸ್ತಿ, ಕೆಮ್ಮಿನ ಕಾಯಿಲೆಯೂ ಜಾಸ್ತಿ ಎಂದು ಕಂಡರೆ, ಬಡವರಿಗೇ ಕಾಯಿಲೆ ಬಂದಿದೆ ಎಂದು ಬರೆಯಬೇಡಿ. ಘಟಕಗಳ ಬಗ್ಗೆ ಸರಿಯಾದದ್ದು ಒಬ್ಬೊಬ್ಬರ ಬಗ್ಗೆ ಸರಿಯಾಗಬೇಕೆಂದಿಲ್ಲ. ಡಬ್ಲ್ಯೂ. ಎಸ್. ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞರು 1950ರಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ಅಮೆರಿಕದ 1930ರ ಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರು ಜಾಸ್ತಿ ಇರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಒಬ್ಬೊಬ್ಬರನ್ನು ತೆಗೆದುಕೊಂಡು ನೋಡಿದರೆ ಹೊರದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ಜಾಸ್ತಿ ಇತ್ತು. ವಲಸೆ ಬಂದವರು ಮೊದಲೇ ಓದುಬರಹ ಬಲ್ಲವರು ಜಾಸ್ತಿ ಇದ್ದ ರಾಜ್ಯಗಳಿಗೆ ಹೋಗಿ ನೆಲೆಸಿದ್ದರು, ಅಷ್ಟೇ. ಕಾಯಿಲೆಯ ಪ್ರಶ್ನೆ ಬಂದಾಗ ಮನೆಮನೆ ಸಮೀಕ್ಷೆಯೇ ಬೇಕು. ನಕ್ಷೆ ಯಾವ ಬೀದಿಯಲ್ಲಿ ಶುರುಮಾಡಬೇಕು ಎಂದಷ್ಟೇ ತೋರಿಸುತ್ತದೆ.

ನಕ್ಷೆಗೆ ಬಣ್ಣ ಹಾಕುವಾಗ ಮಕ್ಕಳ ಸಂಖ್ಯೆಗೆ ಬಣ್ಣ ಹಾಕಬೇಡಿ, ಶೇಕಡಾವಾರಿಗೆ ಅಥವಾ ಸಾಂದ್ರತೆಗೆ ಹಾಕಿ. ಇಲ್ಲದಿದ್ದರೆ ದೊಡ್ಡ ಘಟಕಗಳು ದೊಡ್ಡವು ಅನ್ನುವ ಕಾರಣಕ್ಕೇ ಕಡುಬಣ್ಣಕ್ಕೆ ತಿರುಗುತ್ತವೆ. ಸಂಖ್ಯೆಯನ್ನೇ ತೋರಿಸಬೇಕೆಂದಿದ್ದರೆ ಅಳತೆಗೆ ತಕ್ಕ ಚುಕ್ಕಿಗಳನ್ನು ಬಳಸಿ. ಕೆಲಸವನ್ನು ಜಿಯೋಪ್ಯಾಕೇಜ್ ಎಂಬ ಫೈಲ್ ರೂಪದಲ್ಲಿ ಸೇವ್ ಮಾಡಿ. ಶೇಪ್‌ಫೈಲ್ ಕಾಲಮ್ ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸುತ್ತದೆ, ಆಮೇಲೆ ಯಾವುದು ಯಾವ ಕಾಲಮ್ ಎಂದು ನಿಮಗೇ ತಿಳಿಯುವುದಿಲ್ಲ.

ಹಾಗಾದರೆ ಎಷ್ಟು ನಂಬಬಹುದು? ಒಂದೇ ಅಂಕಿಯನ್ನು ನಂಬಬೇಡಿ. ನಡುಬಿಂದು, ವಿಸ್ತೀರ್ಣದ ಪಾಲು, ಮನೆಗಳ ಜಾಗ, ಮೂರೂ ದಾರಿಗಳಲ್ಲಿ ಲೆಕ್ಕ ಹಾಕಿ. ಮೂರೂ ಹತ್ತಿರ ಹತ್ತಿರ ಬಂದರೆ ಧೈರ್ಯವಾಗಿ ಬರೆಯಿರಿ. ದೂರ ದೂರ ಬಂದರೆ ಯಾವ ಘಟಕ ಆ ವ್ಯತ್ಯಾಸ ತರುತ್ತಿದೆ ಎಂದು ಹುಡುಕಿ. ಸಾಮಾನ್ಯವಾಗಿ ಅಂಚಿನಲ್ಲಿರುವ ಎರಡು ಮೂರು ದೊಡ್ಡ ಘಟಕಗಳೇ ಅದಕ್ಕೆ ಕಾರಣ. ಅಲ್ಲಿಗೆ ಹೋಗಿ, ಅಥವಾ ಉಪಗ್ರಹ ಚಿತ್ರದ ಮೇಲೆ ಮನೆಗಳನ್ನು ಕೈಯಿಂದಲೇ ಗುರುತಿಸಿ. ಇಡೀ ನಕ್ಷೆಯನ್ನು ಸುಧಾರಿಸುವುದಕ್ಕಿಂತ ಆ ಎರಡು ಮೂರು ಘಟಕಗಳ ಮೇಲೆ ಹಾಕಿದ ಸಮಯ ಜಾಸ್ತಿ ಫಲ ಕೊಡುತ್ತದೆ. ಅಧಿಕಾರಿಗಳ ಮುಂದೆ ಇಡುವಾಗ ಕಡಿಮೆಯ ಅಂಕಿಯಿಂದ ಹೆಚ್ಚಿನ ಅಂಕಿಯವರೆಗೆ ಎರಡನ್ನೂ ಕೊಡಿ. ಗಣತಿಯ ವರ್ಷ, ಗಡಿಯ ವರ್ಷ, ಹಂಚಿದ ವಿಧಾನ ಮೂರನ್ನೂ ನಕ್ಷೆಯ ಕೆಳಗೇ ಬರೆಯಿರಿ. ಕಾರ್ಖಾನೆಯ ಕಡೆಯವರು ನಿಮ್ಮ ಅಂಕಿಯನ್ನು ಪ್ರಶ್ನಿಸುವುದು ಖಂಡಿತ. ಅವರು ಮೊದಲು ಕೇಳುವುದು ಈ ಮೂರನ್ನೇ.